ಮ್ಯಾಗ್ನೆಟ್ ಚಿಕಿತ್ಸೆಗೆ ಮೆಣಸು ಮಾರಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾವು ಸೋಮವಾರಪೇಟೆ ಕಡೆಯವರು. ನನ್ನ ತಮ್ಮನಿಗೆ 29 ವರ್ಷ. 7 ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಇಬ್ಬರು ಗಂಡಸರು ತನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ, ಬೈಯುತ್ತಾರೆ ಅನ್ನುತ್ತಾನೆ. ಮೊದಲು ರಿಸ್ಪೆರಿಡೋನ್ ಕೊಟ್ಟಿದ್ದರು, ಈಗ ಎರಡು ವರ್ಷದಿಂದ ಒಲಾಂಜಪಿನ್. ಗಲಾಟೆ, ಅನುಮಾನ ಕಡಿಮೆಯಾಗಿದೆ. ಆದರೆ ಕಿವಿಯಲ್ಲಿ ಮಾತು ನಿಂತಿಲ್ಲ. ತೋಟಕ್ಕೆ ಇಳಿಯುವುದಿಲ್ಲ, ಯಾರ ಜೊತೆಯೂ ಬೆರೆಯುವುದಿಲ್ಲ. ಬೆಂಗಳೂರಿನ ಒಂದು ಕ್ಲಿನಿಕ್‌ನವರು ಟಿಎಂಎಸ್ ಅನ್ನುವ ಮ್ಯಾಗ್ನೆಟ್ ಚಿಕಿತ್ಸೆ 30 ಸಿಟ್ಟಿಂಗ್ ಮಾಡಿದರೆ ಪೂರ್ತಿ ವಾಸಿಯಾಗುತ್ತದೆ, ಆಮೇಲೆ ಮಾತ್ರೆಯೂ ಬೇಡ ಅಂದರು. ದುಡ್ಡು ಮೊದಲೇ ಕಟ್ಟಬೇಕಂತೆ. ಮನೆಯಲ್ಲಿಟ್ಟಿರುವ ಮೆಣಸು ಮಾರೋಣ ಅಂತಾರೆ ಅಪ್ಪ. ಅಮ್ಮನಿಗೆ ಮಗನಿಗೆ ಕರೆಂಟ್ ಕೊಡುತ್ತಾರೆ ಅಂತ ಹೆದರಿಕೆ. ಏನು ಮಾಡಲಿ?

ಉತ್ತರ: ಮೆಣಸು ಸದ್ಯಕ್ಕೆ ಚೀಲದಲ್ಲೇ ಇರಲಿ.

ಈ ಚಿಕಿತ್ಸೆ ಮೋಸ ಅಂತ ನಾನು ಹೇಳುತ್ತಿಲ್ಲ. ಇದು ನಿಜವಾದ ಚಿಕಿತ್ಸೆ. ದೊಡ್ಡ ಆಸ್ಪತ್ರೆಗಳಲ್ಲಿ ಇದೆ, ನಿಮ್ಹಾನ್ಸ್‌ನಲ್ಲೂ ಇದೆ. ಆದರೆ ನಿಮಗೆ ಹೇಳಿದ ಎರಡು ಮಾತು, ಪೂರ್ತಿ ವಾಸಿ ಮತ್ತು ಮಾತ್ರೆ ಬೇಡ ಅನ್ನುವುದು, ಎರಡೂ ಸುಳ್ಳು. ಅದಕ್ಕಿಂತ ಮುಖ್ಯವಾಗಿ, ಮ್ಯಾಗ್ನೆಟ್‌ಗಿಂತ ಮೊದಲು ಆಗಬೇಕಾದ ಒಂದು ಕೆಲಸ ನಿಮ್ಮ ತಮ್ಮನ ವಿಷಯದಲ್ಲಿ ಇನ್ನೂ ಆದಂತೆ ಕಾಣುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಮ್ಮನ ಹೆದರಿಕೆ ಕಳೆಯೋಣ.

ಅಮ್ಮ ಹೆದರುತ್ತಿರುವುದು ಇಸಿಟಿಗೆ. ಅದರಲ್ಲಿ ಅರಿವಳಿಕೆ ಕೊಟ್ಟು ಮಲಗಿಸಿ, ಮೈ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ತಲೆಗೆ ಸ್ವಲ್ಪ ಕರೆಂಟ್ ಹಾಯಿಸಿ ಬೇಕಂತಲೇ ಒಂದು ಸಣ್ಣ ಫಿಟ್ಸ್ ಬರಿಸುತ್ತಾರೆ. ಹಳೇ ಸಿನಿಮಾಗಳಲ್ಲಿ ತೋರಿಸುವ ಹಾಗೆ ಎಚ್ಚರ ಇರುವವರನ್ನು ನಾಲ್ಕು ಜನ ಹಿಡಿದು ಶಾಕ್ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಅಂದಹಾಗೆ ಇಸಿಟಿಯೂ ಕೆಟ್ಟದ್ದಲ್ಲ. ಊಟ ಬಿಟ್ಟು, ಮಾತು ಬಿಟ್ಟು ಕಲ್ಲಿನ ಹಾಗೆ ಕೂತವರು ಕೆಲವೇ ದಿನಗಳಲ್ಲಿ ಎದ್ದು ನೀರು ಕೇಳಿದ್ದನ್ನು ನಾನು ನೋಡಿದ್ದೇನೆ. ಅದು ಇನ್ನೊಂದು ದಿನದ ಮಾತು. ಟಿಎಂಎಸ್‌ನಲ್ಲಿ ಅರಿವಳಿಕೆ ಇಲ್ಲ, ಫಿಟ್ಸ್ ಬರಿಸುವುದಿಲ್ಲ, ಅಡ್ಮಿಟ್ ಆಗಲೇಬೇಕು ಅಂತಿಲ್ಲ. ಕುರ್ಚಿಯಲ್ಲಿ ಕೂತು, ಮುಗಿದ ಮೇಲೆ ಎದ್ದು ಕಾಫಿ ಕುಡಿಯಲು ಹೋಗಬಹುದು.

ಕಲಿಯುತ್ತಿದ್ದ ಕಾಲದಲ್ಲಿ ಒಂದು ಸಲ ನಾನೇ ಆ ಕುರ್ಚಿಯಲ್ಲಿ ಕೂತಿದ್ದೆ. ರೋಗಿಗೆ ಏನಾಗುತ್ತದೆ ಅಂತ ಗೊತ್ತಿರಲಿ ಅಂತ. ಹಲ್ಲಿನ ಡಾಕ್ಟರ ಕುರ್ಚಿಯಂಥದ್ದೇ. ಕಿವಿಗೆ ಬೆಂಡು ತುರುಕಿದರು, ಮಿಷನ್ ಸದ್ದು ಜೋರು ಅಂತ. ಟೈಲರ್ ಟೇಪಿನಲ್ಲಿ ಮೂಗಿನ ಬುಡದಿಂದ ಹಿಂದಲೆಯ ಗುಬುಟಿನ ತನಕ, ಕಿವಿಯಿಂದ ಕಿವಿಗೆ ಅಳತೆ ತೆಗೆದು ತಲೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದರು. ಆಮೇಲೆ ಇಂಗ್ಲಿಷ್ 8ರ ಆಕಾರದ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಯಿಲನ್ನು, ಅಂದರೆ ತಂತಿಯ ಸುರುಳಿಯನ್ನು, ಎಡಗಡೆ ನೆತ್ತಿಯ ಪಕ್ಕ ಇಟ್ಟರು. ಟಕ್ ಅಂತ ಸದ್ದು. ಬೆರಳಿನಿಂದ ಯಾರೋ ತಲೆಗೆ ಚಿಮ್ಮಿದ ಹಾಗೆ. ಎರಡನೇ ಸಲ ಟಕ್ ಅಂದಾಗ ನನ್ನ ಬಲಗೈ ಹೆಬ್ಬೆರಳು ತಾನೇ ಹಾರಿತು. ನಾನು ಅಲ್ಲಾಡಿಸಿರಲಿಲ್ಲ! ಪಕ್ಕದಲ್ಲಿದ್ದ ಗೆಳೆಯ ನಕ್ಕ. ನನಗೆ ನಗು ಬರಲಿಲ್ಲ, ಬೆರಳನ್ನೇ ನೋಡುತ್ತಾ ಕೂತೆ.

ಆ ಬೆರಳು ಹಾರುವುದು ಸುಮ್ನೆ ತಮಾಷೆಗಲ್ಲ. ಡೋಸ್ ಅಳೆಯುವುದೇ ಅದರಿಂದ. ಎಷ್ಟು ಕಡಿಮೆ ಶಕ್ತಿಗೆ ಹತ್ತರಲ್ಲಿ ಐದು ಸಲ ಬೆರಳು ಮಿಡಿಯುತ್ತದೋ, ಅದು ಆ ಮನುಷ್ಯನ ಅಳತೆ. ಒಬ್ಬೊಬ್ಬರದು ಒಂದೊಂದು. ಈ ಅಳತೆ ತೆಗೆಯದೆ ಎಲ್ಲರಿಗೂ ಒಂದೇ ಸೆಟ್ಟಿಂಗ್ ಹಾಕುವ ಜಾಗಕ್ಕೆ ತಮ್ಮನನ್ನು ಕರೆದುಕೊಂಡು ಹೋಗಬೇಡಿ.

ಇದರ ಹಿಂದಿನ ತತ್ವ ಹೈಸ್ಕೂಲಿನಲ್ಲಿ ಓದಿದ್ದೇ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡಿದ್ದು: ಅಯಸ್ಕಾಂತದ ಬಲ ಏರಿಳಿದರೆ ಪಕ್ಕದ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಅವರ ಜೊತೆಗಾರರು ಆ ತಂತಿಯ ಜಾಗದಲ್ಲಿ ಮನುಷ್ಯನ ಮಿದುಳನ್ನು ಇಟ್ಟರು ಅನ್ನಬಹುದು. ಕಾಯಿಲ್‌ನಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು ಭಾರೀ ಕರೆಂಟ್ ಹರಿಯುತ್ತದೆ. ಅದರಿಂದ ಎದ್ದ ಅಯಸ್ಕಾಂತದ ಬಲ ಸುಮಾರು 1.5ರಿಂದ 2 ಟೆಸ್ಲಾ, ಎಂಆರ್‌ಐ ಮಿಷನ್ನಿನಷ್ಟು. ತಲೆಬುರುಡೆ ಅದನ್ನು ತಡೆಯುವುದಿಲ್ಲ. ಒಳಗೆ ಎರಡು ಮೂರು ಸೆಂಟಿಮೀಟರ್ ಆಳದವರೆಗೆ ನರಕೋಶಗಳಲ್ಲಿ ಸಣ್ಣ ಮಿಡಿತ ಎಬ್ಬಿಸುತ್ತದೆ. ಅಷ್ಟೇ ಆಳ. ಮಿದುಳಿನ ನಡುವಿನ ತನಕ ಸಾಮಾನ್ಯ ಕಾಯಿಲ್ ತಲುಪುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸಂತೆಯಲ್ಲಿ, ಟೀವಿಯಲ್ಲಿ ಮಾರುವ ಮ್ಯಾಗ್ನೆಟ್ ಬೆಲ್ಟು, ಬಳೆ, ತಲೆದಿಂಬುಗಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಸುಮ್ಮನೆ ಬಿದ್ದಿರುವ ಅಯಸ್ಕಾಂತ ಕರೆಂಟ್ ಹುಟ್ಟಿಸುವುದಿಲ್ಲ. ಬಲ ಏರಿಳಿಯಬೇಕು, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ. "ಅದೇ ಚಿಕಿತ್ಸೆ, ಮನೆಯಲ್ಲೇ ಮಾಡಿಕೊಳ್ಳಿ" ಅಂತ ಯಾರಾದರೂ ಬೆಲ್ಟ್ ತೋರಿಸಿದರೆ ಬಾಗಿಲು ಹಾಕಿಕೊಳ್ಳಿ.

ಈಗ ನಿಮ್ಮ ತಮ್ಮನ ಕಿವಿಯ ಮಾತಿಗೆ ಬರೋಣ. ನಾವೆಲ್ಲ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತೇವೆ. 'ಗೇಟ್ ಹಾಕಿದೆನಾ? ನಾಳೆ ಕೂಲಿಯವರಿಗೆ ಹೇಳಬೇಕು.' ಇದು ನನ್ನದೇ ಮಾತು ಅಂತ ಮಿದುಳು ಗುರುತು ಹಾಕಿಕೊಂಡಿರುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಆ ಗುರುತು ತಪ್ಪುತ್ತದೆ ಅನ್ನುವುದು ಒಂದು ಮುಖ್ಯ ವಿವರಣೆ. ಒಳಗಿನ ಮಾತು ಹೊರಗಿನವರದ್ದಾಗಿ ಕೇಳುತ್ತದೆ. ಮಾತು ಕೇಳುತ್ತಿರುವಾಗಲೇ ಸ್ಕ್ಯಾನ್ ಮಾಡಿದರೆ, ಮಾತನ್ನು ಅರ್ಥ ಮಾಡಿಕೊಳ್ಳುವ ಭಾಗಗಳು ನಿಜವಾಗಿಯೂ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಆದ್ದರಿಂದ ನಿಮ್ಮ ತಮ್ಮ ನಾಟಕ ಮಾಡುತ್ತಿಲ್ಲ. ಅವನಿಗೆ ಕೇಳಿಸುತ್ತಿದೆ. "ಅಲ್ಲಿ ಯಾರೂ ಇಲ್ಲ, ಸುಳ್ಳು ಹೇಳಬೇಡ" ಅನ್ನುವುದರಿಂದ ಪ್ರಯೋಜನ ಇಲ್ಲ.

ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ, ಮಾತಿಗೆ ಸಂಬಂಧಪಟ್ಟ ಒಂದು ಜಾಗ ಇದೆ. ಕಾಯಿಲನ್ನು ಅಲ್ಲಿ ಇಟ್ಟು ಸೆಕೆಂಡಿಗೆ ಒಂದರಂತೆ ನಿಧಾನವಾಗಿ ಬಡಿಯುತ್ತಾ ಹೋದರೆ ಆ ಜಾಗ ತಣ್ಣಗಾಗುತ್ತದೆ. ಸೆಕೆಂಡಿಗೆ ಹತ್ತರಂತೆ ವೇಗವಾಗಿ ಬಡಿದರೆ ಉಲ್ಟಾ, ಜಾಗ ಚುರುಕಾಗುತ್ತದೆ. ಪೂರ್ತಿ ಹೀಗೇ ಅಂತ ಪ್ರಮಾಣ ಮಾಡಲಾಗದು, ಆದರೆ ಮೋಟಾಗಿ ಇಷ್ಟು ಸರಿ. ಕಿವಿಯ ಮಾತಿಗೆ ನಿಧಾನದ್ದು. ಒಂದು ಸಿಟ್ಟಿಂಗಿಗೆ 1,200 ಬಡಿತ ಅಂದರೆ 20 ನಿಮಿಷ. ವಾರಕ್ಕೆ ಐದು ದಿನ, ಎರಡರಿಂದ ನಾಲ್ಕು ವಾರ. ಇದು ಸಾಮಾನ್ಯ ಕ್ರಮ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಲ್ಫ್ ಹಾಫ್‌ಮನ್ ಇದನ್ನು 1999ರಲ್ಲಿ ಮೂವರ ಮೇಲೆ, 2000ದಲ್ಲಿ 12 ಜನರ ಮೇಲೆ ಪ್ರಯೋಗಿಸಿ ಮಾತು ಕಡಿಮೆಯಾಯಿತು ಅಂತ ಬರೆದಾಗ ನಮ್ಮ ಕ್ಷೇತ್ರದಲ್ಲಿ ದೊಡ್ಡ ಸುದ್ದಿ. ಮಾತ್ರೆಗೆ ಬಗ್ಗದ ಮಾತು ಮ್ಯಾಗ್ನೆಟ್‌ಗೆ ಬಗ್ಗಿತು ಅಂತ ಎಲ್ಲರಿಗೂ ಉತ್ಸಾಹ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಜಾಸ್ತಿ ಜನರ ಮೇಲೆ ಮಾಡಿದರು. ಫಲ ಒಂದೇ ಥರ ಬರಲಿಲ್ಲ. ಕೆಲವು ಕಡೆ ಲಾಭ, ಕೆಲವು ಕಡೆ ನಕಲಿ ಚಿಕಿತ್ಸೆಗಿಂತ ಏನೇನೂ ಹೆಚ್ಚಿಲ್ಲ. ಎಲ್ಲಾ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಅನ್ನುವ ಸಂಸ್ಥೆ ಇದೆ. ಅವರು 2015ರಲ್ಲಿ 41 ಅಧ್ಯಯನ, 1,473 ಜನರ ಲೆಕ್ಕ ನೋಡಿದರು. ಸ್ವಲ್ಪ ಲಾಭ ಕಾಣುತ್ತದೆ, ಆದರೆ ಅಧ್ಯಯನಗಳ ಗುಣಮಟ್ಟ ಕಳಪೆ, ಇದೇ ಸರಿ ಅಂತಲೂ ತಪ್ಪು ಅಂತಲೂ ಹೇಳುವಂತಿಲ್ಲ ಅಂದರು.

ನಕಲಿ ಚಿಕಿತ್ಸೆ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮಗೆ ಉಪಯೋಗ ಆಗುವ ವಿಷಯ ಅದರಲ್ಲೇ ಇದೆ. ಅರ್ಧ ಜನರಿಗೆ ನಿಜವಾದ ಕಾಯಿಲ್, ಇನ್ನರ್ಧ ಜನರಿಗೆ ಹಾಗೇ ಟಕ್ ಟಕ್ ಅನ್ನುವ, ಆದರೆ ಒಳಗೆ ಏನೂ ಮಾಡದ ಕಾಯಿಲ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಸೋಜಿಗ ಏನೆಂದರೆ ನಕಲಿ ಕಾಯಿಲ್‌ನವರೂ ಎಷ್ಟೋ ಸಲ ಸುಧಾರಿಸುತ್ತಾರೆ. ಯಾಕಿರಬಹುದು? ಯೋಚಿಸಿ. ವರ್ಷಗಟ್ಟಲೆ ಕೋಣೆಯಲ್ಲಿ ಬಿದ್ದಿದ್ದ ಹುಡುಗ ದಿನಾ ಬೆಳಿಗ್ಗೆ ಎದ್ದು ಸ್ನಾನ ಮಾಡುತ್ತಾನೆ. ಒಳ್ಳೇ ಶರ್ಟ್ ಹಾಕುತ್ತಾನೆ. ಅಕ್ಕ ಜೊತೆಗೆ ಬರುತ್ತಾಳೆ. ದಾರಿಯಲ್ಲಿ ಎಳನೀರು ಕುಡಿಯುತ್ತಾರೆ. ಅಲ್ಲಿ ಒಬ್ಬರು ಹೆಸರು ಹಿಡಿದು ಕರೆದು "ನಿನ್ನೆ ಹೇಗಿತ್ತು?" ಅಂತ ಕೇಳುತ್ತಾರೆ. ಇದೇ ಒಂದು ಚಿಕಿತ್ಸೆ ಅಲ್ವಾ? ಇದಕ್ಕೆ ಮೆಣಸು ಮಾರಬೇಕಾಗಿಲ್ಲ.

ಮತ್ತೆ ನನ್ನ ಅನುಭವ ಏನು ಅಂತ ಕೇಳುತ್ತೀರಿ. ನಾನು ಕಳಿಸಿದವರಲ್ಲಿ ಕೆಲವರಿಗೆ ಜೋರಾಗಿ ಕೂಗುತ್ತಿದ್ದ ಮಾತು ಪಿಸುಗುಟ್ಟುವಷ್ಟಕ್ಕೆ ಇಳಿದಿದೆ. ಒಬ್ಬರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಮೊದಲು ನನ್ನ ಕೋಣೆಯಲ್ಲೇ ಇದ್ದರು ಸಾರ್, ಈಗ ಪಕ್ಕದ ಮನೆಗೆ ಹೋಗಿದ್ದಾರೆ." ಅವರಿಗೆ ಅಷ್ಟೇ ಸಾಕಾಗಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಕೆಲವರಿಗೆ ಏನೂ ಆಗಲಿಲ್ಲ, ಬಸ್ ಚಾರ್ಜ್ ದಂಡ. ಲಾಭ ಆದವರಿಗೂ ಅದು ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು ನಿಂತು ಮೆಲ್ಲಗೆ ಕರಗುತ್ತದೆ. ಮತ್ತೆ ಕೂರಿಸಬೇಕಾಗುತ್ತದೆ.

ಮದ್ದು, ಮಿಷನ್‌ಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಟಿಎಂಎಸ್‌ಗೆ 2008ರಲ್ಲಿ ಖಿನ್ನತೆಗೆ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಒಸಿಡಿಗೆ ಅಂದರೆ ಗೀಳು ಕಾಯಿಲೆಗೆ, 2020ರಲ್ಲಿ ಸಿಗರೇಟು ಬಿಡಿಸುವುದಕ್ಕೆ. ಸ್ಕಿಜೋಫ್ರೇನಿಯಾ ಆ ಪಟ್ಟಿಯಲ್ಲಿ ಇಲ್ಲ. "ಎಫ್‌ಡಿಎ ಒಪ್ಪಿದ ಚಿಕಿತ್ಸೆ" ಅಂತ ಜಾಹೀರಾತಿನಲ್ಲಿ ಹಾಕಿದರೆ ಅದು ಸುಳ್ಳಲ್ಲ, ಆದರೆ ನಿಮ್ಮ ತಮ್ಮನ ಕಾಯಿಲೆಯ ಮಾತೂ ಅಲ್ಲ.

ತೋಟಕ್ಕೆ ಇಳಿಯುವುದಿಲ್ಲ, ಯಾರ ಜೊತೆಯೂ ಬೆರೆಯುವುದಿಲ್ಲ ಅಂದಿರಿ. ಇದು ಸೋಮಾರಿತನ ಅಲ್ಲ, ಕಾಯಿಲೆಯ ಇನ್ನೊಂದು ಮುಖ. ಉತ್ಸಾಹ ಬತ್ತುವುದು, ಮುಖದಲ್ಲಿ ಭಾವ ಇಲ್ಲದಿರುವುದು, ತಾನು ಮಾತಾಡುವುದೇ ಕಡಿಮೆಯಾಗುವುದು. ಇದಕ್ಕೆ ಕಾಯಿಲನ್ನು ಹಣೆಯ ಎಡಭಾಗದ ಮೇಲಿಟ್ಟು ವೇಗವಾಗಿ ಬಡಿಯುತ್ತಾರೆ. ಜರ್ಮನಿಯ ಮೂರು ಕೇಂದ್ರಗಳಲ್ಲಿ 175 ಜನರ ಮೇಲೆ ಇದನ್ನು ಜೋಪಾನವಾಗಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಹೇಳಿದರು. ನಿಜವಾದದ್ದಕ್ಕೂ ನಕಲಿಗೂ ವ್ಯತ್ಯಾಸ ಸಿಗಲಿಲ್ಲ. ಹಿಂದಲೆಯ ಕೆಳಗೆ ಇರುವ ಕಿರಿಮಿದುಳಿನ ಮೇಲೆ ಇಡುವ ಪ್ರಯತ್ನವೂ ನಡೆಯುತ್ತಿದೆ, ನಮ್ಮ ದೇಶದಲ್ಲೂ ನಡೆದಿದೆ. ಅದಿನ್ನೂ ಸಂಶೋಧನೆಯ ಹಂತ. ದುಡ್ಡು ಕೊಟ್ಟು ಮಾಡಿಸುವಂಥದ್ದಲ್ಲ. ಒಂದೇ ಜಾಗದಲ್ಲಿ ಕಾಯಿಲ್ ಇಟ್ಟು ಮಾತೂ ನಿಲ್ಲುತ್ತದೆ, ಉತ್ಸಾಹವೂ ಬರುತ್ತದೆ, ಅನುಮಾನವೂ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿದ್ದಾರೆ.

ಈಗ ಆಗಲೇ ಹೇಳುತ್ತೇನೆ ಅಂದಿದ್ದ ಕೆಲಸ. ನಿಮ್ಮ ಪತ್ರದಲ್ಲಿ ಎರಡು ಮಾತ್ರೆಗಳ ಹೆಸರಿದೆ, ಮೂರನೆಯದರ ಹೆಸರಿಲ್ಲ. ಕ್ಲೋಜಪಿನ್.

ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸ್‌ನಲ್ಲಿ, ಒಂದೊಂದನ್ನೂ ಕನಿಷ್ಠ 6 ವಾರ ಕೊಟ್ಟ ಮೇಲೂ ಲಕ್ಷಣಗಳು ನಿಲ್ಲದಿದ್ದರೆ ಅದನ್ನು ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾ ಅನ್ನುತ್ತೇವೆ. ಸುಮಾರು ಮೂರರಲ್ಲಿ ಒಬ್ಬರು ಹೀಗೆ. ಅಂಥವರಿಗೆ ಅಂತಲೇ ಇರುವ ಮದ್ದು ಕ್ಲೋಜಪಿನ್. 1988ರಲ್ಲಿ ಅಮೆರಿಕದಲ್ಲಿ ಜಾನ್ ಕೇನ್ ಮತ್ತು ಜೊತೆಗಾರರು ಹೀಗೆ ಯಾವುದಕ್ಕೂ ಬಗ್ಗದ 268 ಜನರ ಮೇಲೆ ಪರೀಕ್ಷೆ ಮಾಡಿದರು. 6 ವಾರದಲ್ಲಿ ಹಳೇ ಮದ್ದಿನಿಂದ ಸುಧಾರಿಸಿದವರು ನೂರಕ್ಕೆ 4, ಕ್ಲೋಜಪಿನ್‌ನಿಂದ ನೂರಕ್ಕೆ 30. ಮ್ಯಾಗ್ನೆಟ್‌ಗೆ ಇಷ್ಟು ಗಟ್ಟಿಯಾದ ಆಧಾರ ಇಲ್ಲ. ಆದರೂ ನಮ್ಮಲ್ಲಿ ಇದನ್ನು ಶುರು ಮಾಡುವುದು ತಡ, ತೀರಾ ತಡ. ಅದಕ್ಕೆ ಕಾರಣ ರಕ್ತಪರೀಕ್ಷೆ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಈ ಮದ್ದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಅದಕ್ಕೇ ಮೊದಲ 18 ವಾರ ಪ್ರತಿ ವಾರ ರಕ್ತ ಕೊಡಬೇಕು, ಆಮೇಲೆ ಅಂತರ ಜಾಸ್ತಿಯಾಗುತ್ತದೆ. ಡಾಕ್ಟರಿಗೆ ತಲೆನೋವು, ಮನೆಯವರಿಗೆ ಓಡಾಟ. ಆದರೆ ಇದು ಸಾದಾ ರಕ್ತಕಣಗಳ ಲೆಕ್ಕ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಬೆಂಗಳೂರಿಗೆ 30 ಸಲ ಹೋಗಲು ತಯಾರಾದವರಿಗೆ ವಾರಕ್ಕೊಮ್ಮೆ ಸೋಮವಾರಪೇಟೆಗೆ ಹೋಗುವುದು ಕಷ್ಟವಾ?

ಈ ಮದ್ದಿಗೆ ಬೇರೆ ಕಾಟಗಳೂ ಇವೆ. ನಿದ್ದೆ, ತೂಕ, ರಾತ್ರಿ ದಿಂಬು ಒದ್ದೆಯಾಗುವಷ್ಟು ಜೊಲ್ಲು. ಮಲಬದ್ಧತೆಯನ್ನು ಮಾತ್ರ ಹಗುರವಾಗಿ ನೋಡಬೇಡಿ, ಮೂರು ದಿನ ಆದರೂ ಆಗದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಜ್ವರ, ಗಂಟಲುನೋವು ಬಂದರೆ ಅದೇ ದಿನ ರಕ್ತ ನೋಡಿಸಿ. ಕೊಡಗಿನವರಿಗೆ ಅಂತ ಇನ್ನೊಂದು ವಿಷಯ ಇದೆ: ಕಾಫಿ. ಕ್ಲೋಜಪಿನ್ ಮತ್ತು ಕೆಫೀನ್ ಎರಡನ್ನೂ ಲಿವರ್ ಒಂದೇ ದಾರಿಯಲ್ಲಿ ಕರಗಿಸುತ್ತದೆ. ದಿನಕ್ಕೆ ಆರೇಳು ಲೋಟ ಕಾಫಿ ಕುಡಿದರೆ ಮದ್ದು ರಕ್ತದಲ್ಲಿ ಏರುತ್ತದೆ. ಬೀಡಿ, ಸಿಗರೇಟಿನ ಹೊಗೆ ಅದನ್ನು ಇಳಿಸುತ್ತದೆ. ಹಾಗಾಗಿ ಒಂದೇ ದಿನ ಬೀಡಿ ಬಿಟ್ಟು ಕಾಫಿ ಹೆಚ್ಚಿಸಿದರೆ ಅದೇ ಮಾತ್ರೆ ವಿಪರೀತ ಜಾಸ್ತಿಯಾಗಿ ಹುಡುಗ ತೂರಾಡಬಹುದು. ಕಾಫಿ ಬಿಡಿ ಅಂತ ಕೊಡಗಿನಲ್ಲಿ ಕೂತು ನಾನು ಹೇಳುವುದಿಲ್ಲ, ಹೇಳಿದರೂ ಯಾರು ಕೇಳುತ್ತಾರೆ! ದಿನಕ್ಕೆ ಎಷ್ಟೋ ಅಷ್ಟೇ ಇರಲಿ, ಏರುಪೇರು ಬೇಡ. ಬೀಡಿ ಬಿಡುವುದಾದರೆ ಮೊದಲೇ ತಿಳಿಸಿ.

ಕ್ಲೋಜಪಿನ್‌ಗೂ ಮೊದಲು ಇನ್ನೊಂದು ಪ್ರಶ್ನೆ ಇದೆ, ಸಂಕೋಚದ ಪ್ರಶ್ನೆ. ತಮ್ಮ ಮಾತ್ರೆ ನಿಜವಾಗಿ ನುಂಗುತ್ತಿದ್ದಾನಾ? ಒಬ್ಬ ಹುಡುಗನಿಗೆ ನಾನು ಒಂದು ವರ್ಷ ಮದ್ದು ಬದಲಿಸಿ ಬದಲಿಸಿ ಸುಸ್ತಾದೆ. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಮಳೆ ಮುಗಿದ ಮೇಲೆ ಅವರ ಮನೆಯವರು ಹಂಚು ಸರಿಮಾಡಲು ಏಣಿ ಹಾಕಿದಾಗ ಅವನ ಕೋಣೆಯ ಕಿಟಕಿಯ ಮೇಲಿನ ಹಂಚಿನ ಸಂದಿಯಲ್ಲಿ ಮಾತ್ರೆಗಳು ಸಿಕ್ಕವು. ನೀರು ಕುಡಿದು ಉಬ್ಬಿ, ಒಂದಕ್ಕೊಂದು ಅಂಟಿ, ಒಂದು ಹಿಡಿಯಷ್ಟು. ಅವನ ಅಮ್ಮ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ತಪ್ಪು ಅವನದ್ದಲ್ಲ, ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ ಅವನೇ ಒಪ್ಪಿದ. "ದಿನಾ ಅಮ್ಮ ಬಾಯಿ ತೆಗೆಸಿ ನೋಡೋದು ಬೇಡ" ಅನ್ನುವುದು ಅವನ ಷರತ್ತು. ಈಗ ಚೆನ್ನಾಗಿದ್ದಾನೆ. ಅವನಿಗೆ ಬೇಕಿದ್ದದ್ದು ಮ್ಯಾಗ್ನೆಟ್ಟೂ ಅಲ್ಲ, ಕ್ಲೋಜಪಿನ್ನೂ ಅಲ್ಲ. ನಿಮ್ಮ ತಮ್ಮನನ್ನು ಗದರಿಸಿ ಕೇಳಬೇಡಿ. ಮಾತ್ರೆಯಿಂದ ಏನು ಕಷ್ಟ ಆಗುತ್ತಿದೆ ಅಂತ ಕೇಳಿ. ಗಾಂಜಾ, ಕುಡಿತ ಇದೆಯಾ ಅನ್ನುವುದನ್ನೂ ಅದೇ ದನಿಯಲ್ಲಿ ಕೇಳಿ. ಗಾಂಜಾ ಇದ್ದರೆ ಯಾವ ಮದ್ದೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಇಷ್ಟೆಲ್ಲ ಆಗಿ, ಕ್ಲೋಜಪಿನ್ ಕೊಟ್ಟು ನಾಲ್ಕಾರು ತಿಂಗಳು ಕಾದು, ಆಮೇಲೂ ಮಾತು ಕಾಡುತ್ತಿದ್ದರೆ ಟಿಎಂಎಸ್ ಒಂದು ಸಲ ನೋಡಬಹುದು. ಆಗ ನಾನೇ ಹೋಗಿ ಅನ್ನುತ್ತೇನೆ. ಕ್ಲೋಜಪಿನ್ ಒಗ್ಗದೇ ಇದ್ದರೂ ಅಷ್ಟೇ. ಆದರೆ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಬದಲಿಗೆ ಮಾಡಿದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಒಬ್ಬನಿಗೆ ಚಿಕಿತ್ಸೆ ಮುಗಿಯುವ ಹೊತ್ತಿಗೆ ಮಾತು ಹೆಚ್ಚುಕಡಿಮೆ ನಿಂತಿತ್ತು. ಮನೆಯವರು ಖುಷಿಯಲ್ಲಿ ಮಾತ್ರೆಯನ್ನೂ ನಿಲ್ಲಿಸಿದರು. ಮೂರು ವಾರ ಹಬ್ಬ. ಆರನೇ ವಾರಕ್ಕೆ ಅವನು ರಾತ್ರಿ ಮನೆ ಬಿಟ್ಟು ಹೋಗಿ, ಕಾಡಂಚಿನಲ್ಲಿ ಸಿಕ್ಕ. ಆ ಕಡೆ ಆನೆ ಓಡಾಡುವ ಜಾಗ. ಅವನು ಬದುಕಿದ್ದು ಅದೃಷ್ಟ.

ಹೋಗುವುದಾದರೆ ಮೊದಲು ಕೇಳಬೇಕಾದ್ದು ಇಷ್ಟು: ಯಾವ ಲಕ್ಷಣಕ್ಕೆ ಮಾಡುತ್ತೀರಿ, ಕಾಯಿಲ್ ಎಲ್ಲಿ ಇಡುತ್ತೀರಿ, ಸೆಕೆಂಡಿಗೆ ಎಷ್ಟು ಬಡಿತ, ಲಾಭ ಆಗುತ್ತಿಲ್ಲ ಅಂತ ಯಾವಾಗ ನಿಲ್ಲಿಸುತ್ತೀರಿ? ಕೊನೆಯದಕ್ಕೆ ಉತ್ತರ ಇಲ್ಲದವರ ಹತ್ತಿರ 30 ಸಿಟ್ಟಿಂಗ್ ದುಡ್ಡು ಮುಂಗಡ ಕಟ್ಟಬೇಡಿ. 10 ಸಿಟ್ಟಿಂಗ್ ಆದ ಮೇಲೆ ಲೆಕ್ಕ ನೋಡೋಣ ಅನ್ನಿ. ಲೆಕ್ಕ ಅಂದರೆ ಬಾಯಿಮಾತಲ್ಲ. ಶುರುವಿಗೆ ಒಂದು ವಾರ ಮೊದಲಿನಿಂದಲೇ ತಮ್ಮ ದಿನಾ ರಾತ್ರಿ ಒಂದು ಹಾಳೆಯಲ್ಲಿ ಬರೆಯಲಿ: ಇವತ್ತು ಮಾತು ಎಷ್ಟು ಹೊತ್ತು, ಎಷ್ಟು ಜೋರು, ಎಷ್ಟು ಹಿಂಸೆ, ಹತ್ತಕ್ಕೆ ಎಷ್ಟು. ಆ ಹಾಳೆಯೇ ನಿಮ್ಮ ಸಾಕ್ಷಿ. ಇನ್ಶೂರೆನ್ಸ್ ಇದ್ದರೆ ಅದನ್ನೂ ಮೊದಲೇ ಕೇಳಿ. ಮಾನಸಿಕ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ 2017ರ ಕಾಯ್ದೆ ಹೇಳುತ್ತದೆ. ಆದರೆ ಅಡ್ಮಿಟ್ ಆಗದೆ ಮಾಡಿಸುವುದಕ್ಕೆ ಎಷ್ಟೋ ಪಾಲಿಸಿಗಳಲ್ಲಿ ದುಡ್ಡು ಬರುವುದಿಲ್ಲ.

ತೊಂದರೆ ಅಂತ ಹೇಳುವಂಥದ್ದು ಕಡಿಮೆ. ತಲೆನೋವು, ಕಾಯಿಲ್ ಇಟ್ಟ ಕಡೆ ಚರ್ಮ ಚುರುಗುಟ್ಟುವುದು, ದವಡೆ ಅದುರುವುದು. ಫಿಟ್ಸ್ ಬರುವ ಸಾಧ್ಯತೆ ಸಾವಿರ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಹಿಂದೆ ಫಿಟ್ಸ್ ಬಂದವರಿಗೆ, ರಾತ್ರಿ ನಿದ್ದೆಗೆಟ್ಟವರಿಗೆ, ದಿನಾ ಕುಡಿದು ಒಮ್ಮೆಲೇ ನಿಲ್ಲಿಸಿದವರಿಗೆ, ಹೆಚ್ಚು ಡೋಸ್ ಕ್ಲೋಜಪಿನ್ ತಗೊಳ್ಳುವವರಿಗೆ ಅದು ಜಾಸ್ತಿ. ಎಲ್ಲಾ ಮಾತ್ರೆಗಳ ಹೆಸರು ಹೇಳಿ. ಮದುವೆ ಮನೆಯಲ್ಲಿ ರಾತ್ರಿಯಿಡೀ ಇದ್ದು ಬೆಳಿಗ್ಗೆ ಸೀದಾ ಸಿಟ್ಟಿಂಗಿಗೆ ಹೋಗುವುದು ಬೇಡ.

ತಲೆಯಲ್ಲಿ, ಕುತ್ತಿಗೆಯಲ್ಲಿ ಲೋಹ ಇರಬಾರದು. ಕಿವಿಯೊಳಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಎದೆಯ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಹಲ್ಲಿನ ಸಿಮೆಂಟ್, ಕ್ಯಾಪ್ ಪರವಾಗಿಲ್ಲ. ಈ ಪ್ರಶ್ನೆಗಳ ಪಟ್ಟಿ ಎಲ್ಲಾ ಕಡೆ ಇರುತ್ತದೆ. ಆದರೆ ಬೇರೆ ಊರಿನ ಡಾಕ್ಟರಿಗೆ ಹೊಳೆಯದ ಒಂದು ಪ್ರಶ್ನೆ ನಮ್ಮ ಜಿಲ್ಲೆಗೆ ಬೇಕು: ಕೋವಿಯ ಚರೆ. ಚಿಕ್ಕಂದಿನಲ್ಲಿ ಕೋವಿ ಸಿಡಿದೋ, ಹಂದಿ ಓಡಿಸುವಾಗ ಯಾರದ್ದೋ ಗುಂಡು ಚದುರಿಯೋ ಮುಖಕ್ಕೆ, ಕಣ್ಣಿನ ಪಕ್ಕಕ್ಕೆ ಒಂದೆರಡು ಚರೆ ಹೊಕ್ಕು ಅಲ್ಲೇ ಉಳಿದವರು ಇಲ್ಲಿದ್ದಾರೆ. ಎಷ್ಟೋ ವರ್ಷ ಆಗಿ ಅವರಿಗೇ ಮರೆತುಹೋಗಿರುತ್ತದೆ. ಅನುಮಾನ ಇದ್ದರೆ ಒಂದು ಎಕ್ಸ್‌ರೇ ತೆಗೆಸಿಕೊಂಡೇ ಹೋಗಿ.

ಇನ್ನು ದಾರಿ. ಮಡಿಕೇರಿಯಿಂದ ಮೈಸೂರಿಗೇ 120 ಕಿಲೋಮೀಟರ್ ಹತ್ತಿರ, ಬೆಂಗಳೂರು ಅದರ ಎರಡರಷ್ಟು. ದಿನಾ ಹೋಗಿ ಬರುವ ಮಾತೇ ಇಲ್ಲ. ಮೂರು ನಾಲ್ಕು ವಾರ ಅಲ್ಲೇ ಉಳಿಯಬೇಕು, ಜೊತೆಗೆ ಒಬ್ಬರು ಇರಬೇಕು. ಕಾಫಿ ಕೊಯ್ಲಿನ ಸಮಯ ಬೇಡ, ಮನೆಯಲ್ಲಿ ಎಲ್ಲರಿಗೂ ಕೆಲಸ. ಜುಲೈ, ಆಗಸ್ಟ್ ಮಳೆಯಲ್ಲೂ ಬೇಡ, ರಸ್ತೆ ಕುಸಿದು ನಡುವೆ ನಾಲ್ಕು ಸಿಟ್ಟಿಂಗ್ ತಪ್ಪಿದರೆ ಮಾಡಿದ್ದೂ ದಂಡ. ಉಳಿಯುವ ಕೋಣೆ ಬಾಡಿಗೆ, ಊಟ, ತೋಟದಲ್ಲಿ ನಿಂತ ಕೆಲಸ, ಇದನ್ನೆಲ್ಲ ಪ್ಯಾಕೇಜ್ ದುಡ್ಡಿಗೆ ಸೇರಿಸಿ ಅಪ್ಪನಿಗೆ ಲೆಕ್ಕ ತೋರಿಸಿ.

ಅಲ್ಲಿಯ ತನಕ ಮಾತಿನ ಹಿಂಸೆಗೆ ಮನೆಯಲ್ಲೇ ಮಾಡಬಹುದಾದ್ದು ಇದೆ. ಮಾತು ಶುರುವಾದಾಗ ಮೆಲ್ಲಗೆ ಗುನುಗುವುದು, ಪೇಪರನ್ನು ಜೋರಾಗಿ ಓದುವುದು, ಇಯರ್‌ಫೋನ್ ಹಾಕಿ ಹಾಡು ಕೇಳುವುದು. ಬಾಯಿ ಆಡುತ್ತಿರುವಾಗ ಒಳಗಿನ ಮಾತು ಎಷ್ಟೋ ಜನರಿಗೆ ತಗ್ಗುತ್ತದೆ. ಎಲ್ಲರಿಗೂ ಅಲ್ಲ. ನಿಮ್ಮ ತಮ್ಮನಿಗೆ ಯಾವುದು ಆಗುತ್ತದೆ ಅಂತ ಅವನೇ ಹುಡುಕಬೇಕು. ತೋಟಕ್ಕೆ ಇಡೀ ದಿನ ಬಾ ಅನ್ನಬೇಡಿ. ಮೆಣಸಿನ ಬಳ್ಳಿ ಕಟ್ಟಲು ಅರ್ಧ ಗಂಟೆ, ನೀವು ಪಕ್ಕದಲ್ಲಿ. ಮಾತಾಡದೇ ಇದ್ದರೂ ಪರವಾಗಿಲ್ಲ. ಆ ಇಬ್ಬರು ಅವನಿಗೆ ಸಾಯಿ ಅನ್ನುತ್ತಾರಾ, ಯಾರಿಗಾದರೂ ಹೊಡಿ ಅನ್ನುತ್ತಾರಾ ಅಂತ ಮಾತ್ರ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಮನೆಯ ಕೋವಿ, ತೋಟಕ್ಕೆ ಹೊಡೆಯುವ ವಿಷ ಎರಡನ್ನೂ ಅದೇ ದಿನ ಬೇರೆ ಮನೆಗೆ ಸಾಗಿಸಿ, ಡಾಕ್ಟರನ್ನು ನೋಡಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕ್ಲೋಜಪಿನ್ ವಿಷಯ ಮಾತಾಡಲು ಈಗ ನೋಡುತ್ತಿರುವ ಡಾಕ್ಟರ ಹತ್ತಿರವೇ ಹೋಗಿ. ಇಲ್ಲವಾದರೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ಹೋಗುವಾಗ 7 ವರ್ಷದ ಚೀಟಿಗಳನ್ನೆಲ್ಲ ಹುಡುಕಿ ತಗೊಂಡು ಹೋಗಿ. ಅಕ್ಕಿ ಡಬ್ಬದ ಹಿಂದೆ, ಕ್ಯಾಲೆಂಡರಿನ ಮೊಳೆಯಲ್ಲಿ, ಎಲ್ಲಿದ್ದರೂ. ಹಿಂದಿನ ರಾತ್ರಿ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಯಾವ ತಿಂಗಳ ತನಕ, ಯಾಕೆ ಬದಲಿಸಿದರು. ಬರೆಯುವಾಗ ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದನ್ನು ನುಂಗಿದ್ದ, ಯಾವುದನ್ನು ನುಂಗಿರಲಿಲ್ಲ ಅನ್ನುವುದು ಅವನಿಗೆ ಮಾತ್ರ ಗೊತ್ತು.